ಕೆಂಪು ಹೋಗಿ ಹಳದಿ ಬಂತು

ಬದಿಯಡ್ಕದ ಹತ್ತಿರ ಅಡಿಕೆ, ಕಾಳುಮೆಣಸು ಖರೀದಿ ಮಾಡುವ ಒಂದು ಆಫೀಸಿದೆ, ಅಲ್ಲಿನ ಫೋನ್ ನೋಡಿಕೊಳ್ಳುವುದು ನಾನು. ಹಳೇ ಡೆಬಿಯನ್ (ಲಿನಕ್ಸ್) ಮಶೀನು, ಅದರಲ್ಲಿ ಕಾಲ್ ನಡೆಸುವ ಆಸ್ಟರಿಸ್ಕ್ ಅನ್ನುವ ಸಾಫ್ಟ್‌ವೇರು, ಹೊರಗಿನ ಲೈನ್ ಸೇರುವ ಒಂದು ಇ1 ಕಾರ್ಡು, ಫೋನ್ ಕಂಪೆನಿಯಿಂದ ಒಂದೇ ಸಲ ಹಲವು ಕಾಲ್ ತರುವ ಒಂದು ಪಿಆರ್‌ಐ ಲೈನು. ತುಲಾ ತಿಂಗಳ ಸಂಜೆಯ ಗುಡುಗು ಮಿಂಚು ಹೇಗಿರುತ್ತದೆ ಅಂತ ಕಾಸರಗೋಡಿನವರಿಗೆ ಹೇಳಬೇಕಾಗಿಲ್ಲ ಅಲ್ವಾ. ಅಂಥದ್ದೊಂದು ಮಳೆಯ ಮರುದಿನ ಬೆಳಗ್ಗೆ ರಿಸೆಪ್ಷನ್ ಹುಡುಗಿಯ ಕಾಲ್ ಬಂತು. "ಅಣ್ಣಾ, ಒಳಗೊಳಗೆ ಮಾತಾಡ್ಲಿಕ್ಕೆ ಆಗ್ತದೆ, ಹೊರಗಿಂದ ಒಂದು ಕಾಲೂ ಬರ್ತಾ ಇಲ್ಲ."

ಅಂದರೆ ಸರ್ವರ್ ಬದುಕಿದೆ, ಲೈನ್ ಮಾತ್ರ ಸತ್ತಿದೆ. ಹೋಗಿ ಆಸ್ಟರಿಸ್ಕ್‌ನಲ್ಲಿ "ಪಿಆರ್‌ಐ ಶೋ ಸ್ಪಾನ್ಸ್" ಅಂತ ಕಮಾಂಡ್ ಕೊಟ್ಟೆ, ಡೌನ್ ಅಂತ ತೋರಿಸಿತು. ಕಾರ್ಡನ್ನು ನಡೆಸುವ ಡ್ರೈವರ್ ಡಾಡಿ, ಅದರ ಟೂಲ್ ತೆರೆದರೆ ರೆಡ್ ಅಲಾರ್ಮ್. ಇ1 ಅಂದರೆ ಸೆಕೆಂಡಿಗೆ 2.048 ಮೆಗಾಬಿಟ್, 32 ಸ್ಲಾಟ್: 30 ಮಾತಿಗೆ, 16ನೆಯದು ಸಿಗ್ನಲಿಂಗಿಗೆ (ಕಾಲ್ ಹಚ್ಚುವ, ಕಡಿಯುವ ಸಂದೇಶಕ್ಕೆ), 0 ಫ್ರೇಮ್ (32 ಸ್ಲಾಟಿನ ಒಂದು ಸುತ್ತು) ಹೊಂದಿಸಲಿಕ್ಕೆ. ರೆಡ್ ಬಂದರೆ ಆಚೆಯವರ (ಫೋನ್ ಕಂಪೆನಿಯ) ಫ್ರೇಮ್ ನಮ್ಮ ಕಾರ್ಡಿಗೆ ಸಿಗುತ್ತಾ ಇಲ್ಲ ಅಂತ ಅರ್ಥ.

ಆಗ ಕೇಬಲ್ ನೋಡಬೇಕಿತ್ತು. ನಾನು ಕಾನ್ಫಿಗ್ ಫೈಲ್ ತೆರೆದೆ! "ಸ್ಪಾನ್=1,1,0,ಸಿಸಿಎಸ್,ಎಚ್‌ಡಿಬಿ3,ಸಿಆರ್‌ಸಿ4" ಅಂತ ಇದ್ದ ಸಾಲಿನಿಂದ ಕೊನೆಯ ಸಿಆರ್‌ಸಿ4 (ಕಳಿಸಿದ್ದರಲ್ಲಿ ತಪ್ಪು ಇದೆಯಾ ಅಂತ ನೋಡುವ ಲೆಕ್ಕ) ತೆಗೆದುಬಿಟ್ಟೆ. ಅದನ್ನು ತೆಗೆದರೆ ಕೆಲವು ಕಡೆ ಸರಿಯಾಗುತ್ತದೆ ಅಂತ ಎಲ್ಲೋ ಓದಿದ ನೆನಪು, ಅಷ್ಟೇ. ಏನೂ ಆಗಲಿಲ್ಲ. ನೆನ್ನೆ ಸಂಜೆವರೆಗೆ ಸರಿ ಇದ್ದ ಫೈಲು ರಾತ್ರಿ ಮಳೆಗೆ ಹಾಳಾಗುತ್ತದಾ ಅಂತ ಆಗ ತಲೆಗೆ ಹೊಳೆಯಲಿಲ್ಲ. ವಾಪಸ್ ಹಾಕಲಿಕ್ಕೂ ಮರೆತೆ.

ಹನ್ನೊಂದು ಗಂಟೆಗೆ ಲೈನ್‌ಮ್ಯಾನ್ ಬಂದರು. ಹೊರಗಿನ ಲೈನ್ ಬಂದು ಸೇರುವ ಮೋಡೆಮ್ಮಿನ ಪೋರ್ಟಿಗೆ ಟೆಸ್ಟರ್ ಹಾಕಿ, "ಇವಿಡೆ ವರೆ ಓಕೆಯಾಣ್" ಅಂದು ಚಾ ಕುಡಿದು ಹೋದರು. ಇಲ್ಲಿವರೆಗೆ ಸರಿ ಅಂದರೆ ತಪ್ಪು ಮೋಡೆಮ್ಮಿನ ಈಚೆಗೆ, ನಮ್ಮ ಕಡೆಗೇ.

ಕಾರ್ಡು ಸುಟ್ಟಿದೆಯಾ ಅಂತ ಹೆದರಿಕೆ ಇತ್ತು. ಒಂದು ತುಂಡು ನೆಟ್‌ವರ್ಕ್ ಕೇಬಲ್ ಕತ್ತರಿಸಿ, ಒಂದೇ ಪ್ಲಗ್ಗಿನಲ್ಲಿ 1ನೇ ಪಿನ್ನನ್ನು 4ಕ್ಕೆ, 2ನ್ನು 5ಕ್ಕೆ ಸೇರಿಸಿ ಕ್ರಿಂಪ್ ಮಾಡಿದೆ. ಇದು ಲೂಪ್‌ಬ್ಯಾಕ್ ಪ್ಲಗ್, ಕಾರ್ಡು ಕಳಿಸಿದ್ದು ಅದಕ್ಕೇ ವಾಪಸ್ ಬರುತ್ತದೆ. ಹಾಕಿದ ಕೂಡಲೇ ಕೆಂಪು ಹೋಗಿ ಹಸಿರು ಲೈಟ್. ಎರಡು ತುದಿಯೂ ನಾವೇ ಆದ ಕಾರಣ ಡಿ ಚಾನೆಲ್ (ಆ 16ನೇ ಸಿಗ್ನಲಿಂಗ್ ಸ್ಲಾಟ್) ಮೇಲೆ ಬರುವುದಿಲ್ಲ, ಅದಕ್ಕೆ ತಲೆಬಿಸಿ ಮಾಡಬೇಡಿ. ಅಲಾರ್ಮ್ ಹೋದರೆ ಕಾರ್ಡು ಸರಿ.

ಉಳಿದದ್ದು ಮೋಡೆಮ್ಮಿನಿಂದ ಸರ್ವರ್‌ವರೆಗಿನ ಕೇಬಲ್. ಅದರ ನಡುವೆ ಜಗಲಿಯ ಗೋಡೆಯಲ್ಲಿ ವಯರು ಜೋಡಿಸುವ ಒಂದು ಕ್ರೋನ್ ಬಾಕ್ಸ್ ಇದೆ, ಸೀದಾ ಇರಚಲು ಹೊಡೆಯುವ ಜಾಗ. ಮುಚ್ಚಳ ತೆಗೆದರೆ ಒಳಗೆ ಕಣಜದ ಮಣ್ಣಿನ ಗೂಡು, ಒದ್ದೆಯಾಗಿ ಕರಗಿ ವಯರಿನ ಮೇಲೆಲ್ಲ ಇಳಿದಿತ್ತು. ಒಂದು ಜೋಡಿ ವಯರು ಹಸಿರು ಕಿಲುಬು ಹಿಡಿದು, ಎಳೆದರೆ ಕೈಗೇ ಬಂತು. ಒರೆಸಿ, ಹೊಸ ತುದಿ ಬಿಡಿಸಿ, ಪಕ್ಕದ ಖಾಲಿ ಜಾಗಕ್ಕೆ ಪಂಚ್ ಮಾಡಿದೆ, ಅಂದರೆ ಒತ್ತಿ ಕೂರಿಸಿದೆ.

ಕೆಂಪು ಹೋಯಿತು. ಹಳದಿ ಬಂತು! ಯೆಲ್ಲೋ ಅಂದರೆ ಆಚೆಯವರು ನಮಗೆ ಕೇಳಿಸುತ್ತಾ ಇದ್ದಾರೆ, ಆದರೆ ನಾವು ಕಳಿಸಿದ್ದು ಸರಿ ಇಲ್ಲ ಅಂತ ಅವರ ಉಪಕರಣ ಹೇಳುತ್ತಿದೆ ಅಂತ. ಹಾಗಾದರೆ ಕಳಿಸುವ ಜೋಡಿಯೂ ಹೋಗಿದೆ ಅಂತ ಅದನ್ನೂ ಬಿಚ್ಚಿ ಪಂಚ್ ಮಾಡಿದೆ, ಮೀಟರ್ ಹಿಡಿದು ಎರಡು ತುದಿ ನೋಡಿದೆ, ಸುಮ್ನೆ ಮುಕ್ಕಾಲು ಗಂಟೆ ಹೋಯಿತು. ವಯರಿನಲ್ಲಿ ಏನೂ ಇರಲಿಲ್ಲ. ಬೆಳಗ್ಗೆ ನಾನೇ ತೆಗೆದ ಸಿಆರ್‌ಸಿ4 ಆಗ ನೆನಪಾಯಿತು. ಆಚೆಯವರು ಅದನ್ನು ಕಾಯುತ್ತಾ ಇದ್ದಾರೆ, ನಾವು ಕಳಿಸುತ್ತಾ ಇಲ್ಲ.

ಸಾಲು ಮೊದಲಿನಂತೆ ಮಾಡಿ, ಆಸ್ಟರಿಸ್ಕ್ ನಿಲ್ಲಿಸಿ, ಡಾಡಿ ಕಾನ್ಫಿಗ್ ಓಡಿಸಿ, ಮತ್ತೆ ಆಸ್ಟರಿಸ್ಕ್ ಎಬ್ಬಿಸಿದೆ. "ಅಪ್, ಆಕ್ಟಿವ್" ಅಂತ ಬಂತು. ಎರಡು ನಿಮಿಷದಲ್ಲಿ ಫೋನ್ ರಿಂಗಾಯಿತು, ಯಾರೋ ಪೆರ್ಲದಿಂದ, ಇವತ್ತು ಹಳೆ ಅಡಿಕೆಗೆ ಎಷ್ಟು ಅಂತ ಕೇಳ್ಲಿಕ್ಕೆ.