ಸಹಾಯಧನ ಯಾರಿಗೆ ಸಿಕ್ಕಿತು? ನಿಮ್ಮೂರಿನ ಪಟ್ಟಿ ನೀವೇ ನೋಡಿ

ಪಿಎಂ ಕಿಸಾನ್ ಶುರುವಾಗಿದ್ದು 2019ರ ಫೆಬ್ರುವರಿಯಲ್ಲಿ. ರೈತ ಕುಟುಂಬಕ್ಕೆ ವರ್ಷಕ್ಕೆ 6,000 ರೂಪಾಯಿ, ಮೂರು ಕಂತುಗಳಲ್ಲಿ. ನಿಮ್ಮೂರಲ್ಲಿ ಈ ಹಣ ಯಾರ ಹೆಸರಿಗೆ ಬರುತ್ತಿದೆ ಎಂದು ತಿಳಿಯಲು ಯಾರ ಶಿಫಾರಸೂ ಬೇಡ. ಮೊಬೈಲ್ ಇದ್ದರೆ ಸಾಕು.

ಪಿಎಂ ಕಿಸಾನ್ ವೆಬ್‌ಸೈಟ್ ತೆರೆಯಿರಿ. 'ಫಾರ್ಮರ್ಸ್ ಕಾರ್ನರ್' ಭಾಗದಲ್ಲಿ 'ಬೆನಿಫಿಷಿಯರಿ ಲಿಸ್ಟ್' ಇದೆ. ರಾಜ್ಯ, ಜಿಲ್ಲೆ, ತಾಲ್ಲೂಕು, ಬ್ಲಾಕ್, ಗ್ರಾಮ ಆರಿಸಿ 'ಗೆಟ್ ರಿಪೋರ್ಟ್' ಒತ್ತಿ. ಊರಿನ ಪಟ್ಟಿ ಬರುತ್ತದೆ.

ಬಿಟ್ಟುಹೋದವರನ್ನು ಮೊದಲು ಹುಡುಕಿ

ಪಟ್ಟಿ ಸಿಕ್ಕ ಕೂಡಲೇ ಅನರ್ಹರು ಯಾರಿದ್ದಾರೆ ಎಂದು ನೋಡುವವರೇ ಜಾಸ್ತಿ. ನನ್ನ ಪ್ರಕಾರ ಮೊದಲು ನೋಡಬೇಕಾದ್ದು ಯಾರ ಹೆಸರು ಇಲ್ಲ ಎಂಬುದನ್ನು. ತೀರಿಹೋದ ಅಪ್ಪನ ಹೆಸರಲ್ಲೇ ಪಹಣಿ ಇದ್ದರೆ, ಇ-ಕೆವೈಸಿ (ಆನ್‌ಲೈನ್‌ನಲ್ಲಿ ಗುರುತಿನ ದೃಢೀಕರಣ) ಆಗದಿದ್ದರೆ, ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯಾಗದಿದ್ದರೆ ಹಣ ನಿಂತುಹೋಗುತ್ತದೆ. ಇಂಥವರನ್ನು ರೈತ ಸಂಪರ್ಕ ಕೇಂದ್ರಕ್ಕೆ ಕರೆದುಕೊಂಡು ಹೋಗಿ. ಸಹಾಯವಾಣಿ 155261ಕ್ಕೂ ಕೇಳಬಹುದು. ಗೇಣಿಗೆ ಉಳುವವರ ಹೆಸರು ಮಾತ್ರ ಎಷ್ಟು ಹುಡುಕಿದರೂ ಸಿಗುವುದಿಲ್ಲ. ಜಮೀನು ತಮ್ಮ ಹೆಸರಲ್ಲಿ ಇಲ್ಲದವರಿಗೆ ಈ ಯೋಜನೆಯಲ್ಲಿ ಜಾಗವೇ ಇಲ್ಲ. ಇದು ನ್ಯಾಯವಲ್ಲ.

ಇನ್ನು ಅನರ್ಹರ ವಿಷಯ. ಆದಾಯ ತೆರಿಗೆ ಕಟ್ಟಿದವರು, ಸರ್ಕಾರಿ ನೌಕರರು (ಗ್ರೂಪ್ ಡಿ ಬಿಟ್ಟು), ವೃತ್ತಿಯಲ್ಲಿರುವ ವೈದ್ಯರು, ವಕೀಲರು ಈ ಹಣ ಪಡೆಯುವಂತಿಲ್ಲ. 2020ರ ಜುಲೈವರೆಗೆ 20.48 ಲಕ್ಷ ಅನರ್ಹರಿಗೆ 1,364 ಕೋಟಿ ರೂಪಾಯಿ ಹೋಗಿತ್ತು. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ತೆರಿಗೆ ಕಟ್ಟುವವರು. ಈ ಲೆಕ್ಕ ಹೊರಬಂದದ್ದು ಮಾಹಿತಿ ಹಕ್ಕಿನ ಅರ್ಜಿಯಿಂದ. ಆದರೆ ಒಂದೇ ಊರಲ್ಲಿ ಒಂದೇ ಹೆಸರಿನ ನಾಲ್ವರು ಇರುತ್ತಾರೆ, ಅಲ್ವಾ? ಹೆಸರು ನೋಡಿ ಸುಮ್ನೆ ಯಾರನ್ನೂ ದೂರಬೇಡಿ.

ಪಟ್ಟಿ ಸಿಗದಿದ್ದರೆ ಅರ್ಜಿ ಹಾಕಿ

ತುಂತುರು ನೀರಾವರಿ, ಟಿಲ್ಲರ್, ಟಾರ್ಪಾಲಿನ್ ಇವುಗಳಿಗೆ ಸಹಾಯಧನ ಪಡೆದವರ ಪಟ್ಟಿ ಇಷ್ಟು ಸುಲಭಕ್ಕೆ ಸಿಗುವುದಿಲ್ಲ. ಆದರೆ 2005ರ ಮಾಹಿತಿ ಹಕ್ಕು ಕಾಯ್ದೆಯ 4(1)(ಬಿ) ಕಲಮಿನ 12ನೇ ಅಂಶ ಸ್ಪಷ್ಟವಾಗಿದೆ. ಸಹಾಯಧನ ಯೋಜನೆಗೆ ಎಷ್ಟು ಹಣ, ಫಲಾನುಭವಿಗಳು ಯಾರು ಎಂಬುದನ್ನು ಯಾರೂ ಕೇಳದೆಯೇ ಇಲಾಖೆ ಪ್ರಕಟಿಸಬೇಕು.

ಪ್ರಕಟಿಸದಿದ್ದರೆ ತಾಲ್ಲೂಕಿನ ಸಹಾಯಕ ಕೃಷಿ ನಿರ್ದೇಶಕರ ಕಚೇರಿಯ ಮಾಹಿತಿ ಅಧಿಕಾರಿಗೆ ಬರೆಯಿರಿ. ಶುಲ್ಕ 10 ರೂಪಾಯಿ. ಬಿಪಿಎಲ್ ಕಾರ್ಡ್ ಇದ್ದವರಿಗೆ ಅದೂ ಇಲ್ಲ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದದೊಳಗೆ. 'ಎಲ್ಲ ಮಾಹಿತಿ ಕೊಡಿ' ಎಂದು ಬರೆದರೆ ಕೆಲಸ ಆಗುವುದಿಲ್ಲ. ಹೀಗೆ ಕೇಳಿ:

'2024–25ನೇ ಸಾಲಿನಲ್ಲಿ ನಮ್ಮ ಗ್ರಾಮದಲ್ಲಿ ತುಂತುರು ನೀರಾವರಿ ಘಟಕಕ್ಕೆ ಸಹಾಯಧನ ಪಡೆದವರ ಹೆಸರು, ಘಟಕದ ಪೂರ್ಣ ಬೆಲೆ, ಸಹಾಯಧನದ ಮೊತ್ತ, ರೈತರ ವಂತಿಗೆ ಮತ್ತು ಪೂರೈಸಿದ ಕಂಪನಿಯ ಹೆಸರು ಕೊಡಿ.'

ಬೆಲೆ ಮತ್ತು ಕಂಪನಿಯ ಹೆಸರನ್ನು ಬಿಡಲೇಬೇಡಿ. ಸಹಾಯಧನ ಬೆಲೆಯ ಮೇಲೆ ಶೇಕಡಾವಾರು ಲೆಕ್ಕದಲ್ಲಿದ್ದಾಗ, ಬೆಲೆ ಏರಿಸಿ ಬರೆದರೆ ಖಜಾನೆಗೂ ನಷ್ಟ, ರೈತರಿಗೂ ನಷ್ಟ. ಅದು ಬರೀ ಹೆಸರಿನ ಪಟ್ಟಿಯಲ್ಲಿ ಗೊತ್ತಾಗುವುದಿಲ್ಲ. ಆಧಾರ್ ಸಂಖ್ಯೆ, ಬ್ಯಾಂಕ್ ಖಾತೆ, ಫೋನ್ ನಂಬರ್ ಕೇಳಬೇಡಿ. ಅವು ನಮಗೆ ಬೇಕಾಗಿಯೂ ಇಲ್ಲ.

'ಇದು ವೈಯಕ್ತಿಕ ಮಾಹಿತಿ' ಎಂಬ ಉತ್ತರ ಬರಬಹುದು. ವೈಯಕ್ತಿಕ ಮಾಹಿತಿ ಕೊಡದಿರಲು ಮಾಹಿತಿ ಹಕ್ಕು ಕಾಯ್ದೆಯಲ್ಲಿರುವ ವಿನಾಯಿತಿಯನ್ನು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಹಿಗ್ಗಿಸಿದೆ. ಹಾಗಿದ್ದರೂ ಮಾಹಿತಿ ಹಕ್ಕು ಕಾಯ್ದೆಯ 4ನೇ ಕಲಮಿನ ಆ 12ನೇ ಅಂಶ ಹಾಗೇ ಇದೆ. ಸಾರ್ವಜನಿಕ ಹಿತ ದೊಡ್ಡದಾಗಿದ್ದರೆ ಮಾಹಿತಿ ಕೊಡಬಹುದು ಎನ್ನುವ ಅದೇ ಕಾಯ್ದೆಯ 8(2) ಕಲಮು ಕೂಡ ಇದೆ. ಮೇಲ್ಮನವಿಯಲ್ಲಿ ಎರಡನ್ನೂ ನಮೂದಿಸಿ.

ಉತ್ತರಕ್ಕೆ 30 ದಿನದ ಗಡುವು. ಬಾರದಿದ್ದರೆ, ಅಥವಾ ನಿರಾಕರಿಸಿದರೆ, ಮುಂದಿನ 30 ದಿನದಲ್ಲಿ ಮೇಲಧಿಕಾರಿಗೆ ಮೊದಲ ಮೇಲ್ಮನವಿ. ಅಲ್ಲೂ ಆಗದಿದ್ದರೆ 90 ದಿನದೊಳಗೆ ಕರ್ನಾಟಕ ಮಾಹಿತಿ ಆಯೋಗಕ್ಕೆ. ಅರ್ಜಿ ಕೊಟ್ಟ ದಿನವೇ ಸ್ವೀಕೃತಿ ಪಡೆದು ಜೋಪಾನವಾಗಿ ಇಟ್ಟುಕೊಳ್ಳಿ. ಗಡುವಿನ ಲೆಕ್ಕ ನಡೆಯುವುದು ಅದರ ಮೇಲಿನ ತಾರೀಖಿನಿಂದ.