ಬೀಗದ ಸುದ್ದಿ ಹೇಳಿದವರು ಸಿಕ್ಕಿಬೀಳದಂತೆ ದೂರು ಕೊಡುವುದು ಹೇಗೆ?

ಇಟ್ಟಿಗೆ ಭಟ್ಟಿಯೋ, ಅಡಿಕೆ ಶೆಡ್ಡೋ. ಹೊರರಾಜ್ಯದಿಂದ ದುಡಿಯಲು ಬಂದವರನ್ನು ಮುಂಗಡದ ಲೆಕ್ಕ ಹೇಳಿ ಹೊರಗೆ ಬಿಡುತ್ತಿಲ್ಲ, ರಾತ್ರಿ ಬೀಗ ಹಾಕುತ್ತಾರೆ ಅಂತ ಯಾರೋ ಬಂದು ಹೇಳುತ್ತಾರೆ. ಹಾಲು ಹಾಕುವ ಹುಡುಗ ಇರಬಹುದು, ಟ್ರ್ಯಾಕ್ಟರ್ ಡ್ರೈವರ್ ಇರಬಹುದು. ನೀವು ದೂರು ಕೊಡುತ್ತೀರಿ. ಮಾಲೀಕನಿಗೆ ನೋಟಿಸ್ ಹೋಗುವ ಮೊದಲೇ ಹೇಳಿದವನಿಗೆ ಏಟು ಬೀಳುತ್ತದೆ. ದಾವಣಗೆರೆ ಸುತ್ತಮುತ್ತ ಹೀಗಾದದ್ದನ್ನು ಮೂರು ಸಲ ನೋಡಿದ್ದೇನೆ. ಮೂರರಲ್ಲೂ ದೂರಿನಲ್ಲಿ ಅವರ ಹೆಸರೇ ಇರಲಿಲ್ಲ.

ಮೊದಲ ಹೆಜ್ಜೆ ಸುಲಭ: ದೂರು ಕೊಡಲೇ, ಬೇಡವೇ ಅಂತ ಅವರನ್ನೇ ಕೇಳಿ. ಮಂಡಕ್ಕಿ-ಮಿರ್ಚಿ ಅಂಗಡಿಯಲ್ಲಿ ಕೂತು ಕೇಳಬೇಡಿ. ಈಗಲೇ ಯಾರದಾದರೂ ಜೀವಕ್ಕೆ ಅಪಾಯ ಇದ್ದರೆ ಬರೆಯುತ್ತಾ ಕೂರದೆ 112ಕ್ಕೆ ಫೋನ್ ಮಾಡಿ.

ಎರಡನೆಯದು ಫೋಟೊ. ಲೊಕೇಶನ್ ಆನ್ ಇದ್ದರೆ ತೆಗೆದ ಜಾಗವೂ ಫೋಟೊದೊಳಗೆ ಸೇರುತ್ತದೆ. ವಾಟ್ಸಾಪ್‌ನಲ್ಲಿ 'ಡಾಕ್ಯುಮೆಂಟ್' ಅಂತ ಕಳಿಸಿದರೆ ಅದೂ ಜೊತೆಗೇ ಹೋಗುತ್ತದೆ. ಮುಖ ಮಸುಕು ಮಾಡುವ ಪುಕ್ಕಟೆ ಆ್ಯಪ್‌ಗಳನ್ನು ನಾನು ನಂಬುವುದಿಲ್ಲ, ಪೂರ್ತಿ ಕಪ್ಪು ಬಳಿಯಿರಿ. ಅಷ್ಟಾದರೂ ಅಡುಗೆ ಕೋಣೆಯ ಕಿಟಕಿಯಿಂದ ತೆಗೆದ ಫೋಟೊ ಅಡುಗೆಯವಳನ್ನೇ ತೋರಿಸುತ್ತದೆ. ಅಂಥದ್ದನ್ನು ಲಗತ್ತಿಸಲೇಬೇಡಿ.

ಎಲ್ಲರೂ ಎಡವುವುದು ದೂರು ಬರೆಯುವಾಗ. 'ದಿನಾಂಕ 15ರ ರಾತ್ರಿ 9ಕ್ಕೆ ಹಿಂದಿನ ಬಾಗಿಲ ಹತ್ತಿರ ಮೂವರು ಹೆಂಗಸರು ಅಳುತ್ತಿದ್ದರು' ಅಂತ ಬರೆದಿದ್ದರು ಒಬ್ಬರು. ಆ ಹೊತ್ತಿಗೆ ಹಿಂದಿನ ಬಾಗಿಲಿಗೆ ಹೋಗುವವನು ಹಾಲಿನ ಹುಡುಗ ಒಬ್ಬನೇ. ಮಾಲೀಕನಿಗೆ ಇನ್ನೇನು ಬೇಕು? ಅದಕ್ಕೇ ಪ್ರತಿ ವಾಕ್ಯಕ್ಕೂ ಒಂದು ಪ್ರಶ್ನೆ ಹಾಕಿ: ಇದು ಎಷ್ಟು ಜನಕ್ಕೆ ಗೊತ್ತು? ಐದಾರು ಜನಕ್ಕಾದರೂ ಗೊತ್ತಿಲ್ಲದಿದ್ದರೆ ಹೊಡೆದುಹಾಕಿ, ಇಲ್ಲವೇ ಸಡಿಲ ಮಾಡಿ: 'ಈ ತಿಂಗಳು ಹಲವು ರಾತ್ರಿ ಶೆಡ್ಡಿಗೆ ಹೊರಗಿನಿಂದ ಬೀಗ ಹಾಕಿದ್ದಾರೆಂದು ತಿಳಿದುಬಂದಿದೆ.' ಆಮೇಲೆ ನೀವೇ ಒಂದು ಸಂಜೆ ಹೋಗಿ, ರಸ್ತೆಯಲ್ಲಿ ನಿಂತು ಕಂಡಷ್ಟನ್ನು ಸೇರಿಸಿ. ಕಾಣದ್ದನ್ನು 'ನೋಡಿದೆ' ಅಂತ ಬರೆಯಬೇಡಿ, ಕೇಸೇ ಬಿದ್ದುಹೋಗುತ್ತದೆ. ಹೇಳಿದವನ ಮಾತಿನ ರೀತಿಯನ್ನೂ ಒರೆಸಿ. ಅವನೊಬ್ಬನೇ ಮಾಲೀಕನನ್ನು 'ಸೇಟು' ಅನ್ನುತ್ತಿದ್ದರೆ ಆ ಪದ ದೂರಿನಲ್ಲಿ ಇರಬಾರದು.

ವಿವರ ಕಮ್ಮಿಯಾದರೆ ಕೇಸು ನಿಲ್ಲುತ್ತದಾ ಅನ್ನುತ್ತೀರಾ? ಜೀತ ಪದ್ಧತಿ ರದ್ದತಿ ಕಾಯ್ದೆ, 1976 ಇಲ್ಲಿ ನೆರವಿಗೆ ಬರುತ್ತದೆ. ಇದು ಜೀತದ ಸಾಲ ಅಂತ ಕೂಲಿಯವರು ಹೇಳಿದರೆ, ಅಲ್ಲ ಅಂತ ತೋರಿಸುವ ಹೊಣೆ ಸಾಲ ಕೊಟ್ಟವನದು. ಶಿಕ್ಷೆ 3 ವರ್ಷದವರೆಗೆ ಇದೆ.

ಟೈಪಿಂಗ್ ಮನೆಯಲ್ಲೇ ಆಗಲಿ. ಝೆರಾಕ್ಸ್ ಅಂಗಡಿಯವನ ಕಂಪ್ಯೂಟರಿನಲ್ಲಿ ಫೈಲು ಉಳಿದುಬಿಡುತ್ತದೆ.

ಸಹಿ ಯಾರದ್ದು? ಮಾಲೀಕನ ಕೂಲಿ, ಬಾಡಿಗೆ, ಸಾಲ ಯಾವುದರ ಹಂಗೂ ಇಲ್ಲದವರದ್ದು. ವಕೀಲರಾದರೆ ಇನ್ನೂ ಒಳ್ಳೆಯದು. ಸಹಿ ಇಲ್ಲದೆ ಸುಮ್ನೆ ಕಳಿಸಿದರೆ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ತೆಗೆದುಕೊಳ್ಳುವುದಿಲ್ಲ.

ದೂರನ್ನು ಜಿಲ್ಲಾಧಿಕಾರಿಗೆ ಕೊಟ್ಟು, ಮುದ್ರೆ ಒತ್ತಿಸಿದ ಪ್ರತಿ ಪಡೆಯಿರಿ. ಕೊನೆಗೆ ಈ ಸಾಲು ತಪ್ಪದೇ ಇರಲಿ: 'ಎಲ್ಲ ಕೂಲಿಯವರನ್ನೂ ಒಬ್ಬೊಬ್ಬರನ್ನಾಗಿ, ಮಾಲೀಕ ಮತ್ತು ಮೇಸ್ತ್ರಿ ಇಲ್ಲದ ಕಡೆ ವಿಚಾರಿಸಬೇಕು.' ಅಧಿಕಾರಿ ಒಬ್ಬನನ್ನೇ ಪಕ್ಕಕ್ಕೆ ಕರೆದರೆ ಅವತ್ತೇ ಅವನ ಕಥೆ ಮುಗಿಯಿತು. ಭಾಷೆ ಬಾರದಿದ್ದರೆ ಮೇಸ್ತ್ರಿಯೇ ಅನುವಾದ ಮಾಡಲು ನಿಲ್ಲುತ್ತಾನೆ. ಬೇರೆಯವರು ಬೇಕೆಂದು ಅದನ್ನೂ ಬರೆಯಿರಿ.

ಕೋರ್ಟಿನಲ್ಲಿ ಸಾಕ್ಷಿ ಹೇಳಬೇಕಾದರೆ ಸಾಕ್ಷಿ ಸಂರಕ್ಷಣಾ ಯೋಜನೆ ಇದೆ, ಆದರೆ ಅದು ಮುಖ್ಯವಾಗಿ ಏಳು ವರ್ಷ ಅಥವಾ ಅದಕ್ಕಿಂತ ಹೆಚ್ಚು ಶಿಕ್ಷೆಯಾಗಬಹುದಾದ ಅಪರಾಧಗಳ ಕೇಸಿಗೆ. 2018ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಇದನ್ನು ಒಪ್ಪಿತು. ಅರ್ಜಿ ಜಿಲ್ಲಾ ನ್ಯಾಯಾಧೀಶರು ಮುಖ್ಯಸ್ಥರಾದ ಸಮಿತಿಗೆ ಹೋಗುತ್ತದೆ, ಬೆದರಿಕೆ ಎಷ್ಟಿದೆ ಎಂದು ಪೊಲೀಸರು ವರದಿ ಕೊಡುತ್ತಾರೆ. ಬಲವಂತದ ದುಡಿಮೆಗೆ ಸಿಕ್ಕವರಿಗೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ವಕೀಲರು ಪುಕ್ಕಟೆ. ಸಹಾಯವಾಣಿ 15100.

ಬೆದರಿಕೆ ಬಂದ ದಿನ, ಗಂಟೆ, ಫೋನ್ ನಂಬರ್ ಎಲ್ಲವನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಆ ನೋಟ್‌ಬುಕ್ ಸುದ್ದಿ ಹೇಳಿದವರ ಮನೆಯಲ್ಲಿ ಬೇಡ, ನಿಮ್ಮ ಹತ್ತಿರ ಇರಲಿ.