ಅಪ್ಪ ಸಿಟಿಜನ್ ಆದ, ಮಕ್ಕಳ ಕಥೆ ಏನು?

ಅಮೆರಿಕಕ್ಕೆ ಹೊಸದಾಗಿ ಬಂದವರು ಗ್ರೀನ್ ಕಾರ್ಡ್ (ಇಲ್ಲಿ ಕಾಯಂ ನೆಲೆಸಲು ಕೊಡುವ ಅನುಮತಿ) ಬಗ್ಗೆ ಕೇಳುವ ಪ್ರಶ್ನೆಗಳಿಗೆ ಕೊನೆಯೇ ಇಲ್ಲ. ಅದು ಕೈಗೆ ಬಂತೋ, ಎಲ್ಲರೂ ನಿರಾಳ. ಸಿಟಿಜನ್‌ಶಿಪ್ ವಿಷಯ ಎತ್ತಿದರೆ ‘ನೋಡೋಣ ಬಿಡಿ, ಆತುರ ಏನಿದೆ’ ಅಂತಾರೆ. ಮನೆಯಲ್ಲಿ ಭಾರತದಲ್ಲಿ ಹುಟ್ಟಿದ ಮಗು ಇದ್ದರೆ ಆತುರ ಇದೆ.

ಕಾನೂನು ಸರಳ, 2001ರ ಫೆಬ್ರವರಿ 27ರಿಂದ ಜಾರಿಯಲ್ಲಿದೆ. ಮಗುವಿಗೆ 18 ತುಂಬಿರಬಾರದು. ಗ್ರೀನ್ ಕಾರ್ಡ್ ಇರಬೇಕು. ಸಿಟಿಜನ್ ಆದ ಅಪ್ಪನ ಅಥವಾ ಅಮ್ಮನ ಸುಪರ್ದಿಯಲ್ಲಿ ಇಲ್ಲೇ ವಾಸ ಇರಬೇಕು. ಇಷ್ಟೂ ಕೂಡಿ ಬಂದ ಗಳಿಗೆಗೇ ಮಗು ಸಿಟಿಜನ್. ಅರ್ಜಿ ಇಲ್ಲ, ಪರೀಕ್ಷೆ ಇಲ್ಲ. ನೀವು ಬಲಗೈ ಎತ್ತಿ ಪ್ರಮಾಣ ಮಾಡುವಾಗ ಅವನು ಸ್ಕೂಲಲ್ಲಿ ಪಿಜ್ಜಾ ತಿನ್ನುತ್ತಿರಬಹುದು.

ಒಬ್ಬರು ಸಿಟಿಜನ್ ಆದರೆ ಸಾಕು. ನಾವು ಇಬ್ಬರೂ ಒಟ್ಟಿಗೇ ಆಗೋಣ ಅಂತ ಕೂತೆವು. ತಾಯಿ ಇರುವವರೆಗೂ ಭಾರತದ ಪಾಸ್‌ಪೋರ್ಟ್ ಬಿಡಲ್ಲ ಅಂತ ನನ್ನವಳ ಹಟ. ಅಷ್ಟರಲ್ಲಿ ದೊಡ್ಡವಳಿಗೆ 18 ದಾಟಿತು. ಚಿಕ್ಕವನು ನನ್ನ ಪ್ರಮಾಣದ ದಿನವೇ ಸಿಟಿಜನ್. ಅವಳು ಸ್ವಂತ ಅರ್ಜಿ ಹಾಕಿ, ಫೀಸು ಕಟ್ಟಿ, ಇಂಟರ್‌ವ್ಯೂಗೆ ಕೂತಳು. ‘ನಿಮ್ಮ ಸೆಂಟಿಮೆಂಟಿಗೆ ನಾನ್ಯಾಕೆ ಕ್ಯೂ ನಿಲ್ಲಬೇಕು?’ ಅಂದಳು. ಏನು ಹೇಳಲಿ? ಒಬ್ಬರು ಆಗಿ ಇನ್ನೊಬ್ಬರು ಭಾರತೀಯರಾಗೇ ಉಳಿದ ಮನೆಗಳು ಎಷ್ಟೋ ಇವೆ. ನಾಚಿಕೆಯ ಮಾತೇನಲ್ಲ.

ಇನ್ನೊಂದು ಅಭ್ಯಾಸ ನಮ್ಮವರಿಗೆ: ಕನ್ನಡ ಕಲಿಯಲಿ ಅಂತ ಮಗುವನ್ನು ಮೈಸೂರಿನ ಅಜ್ಜಿ ಮನೆಯಲ್ಲಿ ಬಿಟ್ಟು ಓದಿಸೋದು. ಆಸೆ ಒಳ್ಳೆಯದೇ. ಆದರೆ ‘ಇಲ್ಲೇ ವಾಸ’ ಅನ್ನೋ ಷರತ್ತು ಅಲ್ಲಿಗೆ ತಪ್ಪುತ್ತದೆ, ಗ್ರೀನ್ ಕಾರ್ಡಿಗೂ ಕುತ್ತು.

ಮಗು ಸಿಟಿಜನ್ ಆಯಿತು ಅಂತ ಯಾರೂ ಮನೆಗೆ ಕಾಗದ ಕಳಿಸಲ್ಲ. ಪಾಸ್‌ಪೋರ್ಟ್ ಮಾಡಿಸಿ. ಎನ್-600 ಅರ್ಜಿ ಹಾಕಿ ಪಡೆಯುವ ಪೌರತ್ವದ ಸರ್ಟಿಫಿಕೇಟ್ ದುಬಾರಿ, ಆದರೆ ಅದಕ್ಕೆ ಅವಧಿ ಮುಗಿಯುವ ಗೋಳಿಲ್ಲ, ಕೈಲಾದಾಗ ಮಾಡಿಸಿಡಿ.

ಇವಕ್ಕೆಲ್ಲ ಮಗು ನಿಮ್ಮದೇ ಅಂತ ತೋರಿಸಬೇಕು. ಅಲ್ಲಿ ನಿಜವಾದ ತಲೆನೋವು ನಮ್ಮ ಜನನ ಪ್ರಮಾಣ ಪತ್ರ. ಹೆರಿಗೆ ಆದ ಕೂಡಲೇ ಆಸ್ಪತ್ರೆಯವರು ವಿವರ ಕಳಿಸಿರುತ್ತಾರೆ, ನಾಮಕರಣ ಆಗೋದು ಆಮೇಲೆ. ಹಾಗಾಗಿ ಹೆಸರಿನ ಜಾಗ ಖಾಲಿ. ತಂದೆಯ ಹೆಸರು ‘ಹೆಚ್. ಆರ್. ಮಂಜುನಾಥ’ ಅಂತ ಇರುತ್ತದೆ. ಅದೇ ಮನುಷ್ಯ ಇಲ್ಲಿನ ಸಿಟಿಜನ್‌ಶಿಪ್ ಸರ್ಟಿಫಿಕೇಟಿನಲ್ಲಿ ಇನಿಶಿಯಲ್ ಬಿಡಿಸಿಕೊಂಡು ‘ಮಂಜುನಾಥ ಹಾಸನ ರಾಮಪ್ಪ’ ಆಗಿರುತ್ತಾನೆ. ಇಬ್ಬರೂ ಒಬ್ಬರೇ ಅಂತ ಕೌಂಟರಿನಾಕೆಗೆ ಹೇಗೆ ಗೊತ್ತಾಗಬೇಕು? ರಜೆಗೆ ಊರಿಗೆ ಹೋದಾಗ ಮೊದಲು ಇದನ್ನು ಸರಿ ಮಾಡಿಸಿ, ಮದುವೆ ಮುಂಜಿ ಆಮೇಲೆ.

ಭಾರತದ ಕಡೆಯದು: ಎರಡು ದೇಶದ ಪೌರತ್ವಕ್ಕೆ ನಮ್ಮಲ್ಲಿ ಅವಕಾಶವಿಲ್ಲ. ಮಕ್ಕಳ ಭಾರತದ ಪಾಸ್‌ಪೋರ್ಟನ್ನೂ ಸರೆಂಡರ್ ಮಾಡಬೇಕು. ಬಂದು ಹೋಗಲು ಒಸಿಐ (ಭಾರತ ಮೂಲದ ವಿದೇಶಿ ಪ್ರಜೆಗಳಿಗೆ ಕೊಡುವ ಕಾರ್ಡ್) ಮಾಡಿಸಬಹುದು.

ಇದನ್ನು ಊರಲ್ಲಿ ಹೇಳೋದೇ ಕಷ್ಟ. ನಮ್ಮಮ್ಮ ಫೋನಿನಲ್ಲಿ ‘ರೇಷನ್ ಕಾರ್ಡಲ್ಲಿ ಪುಟ್ಟನ ಹೆಸರು ಸೇರಿಸ್ಲಾ?’ ಅಂತ ಕೇಳಿದರು. ಬೇಡಮ್ಮ ಅಂದೆ. ಯಾಕೆ ಅಂತ ಬಿಡಿಸಿ ಹೇಳಲು ಬಾಯಿ ಬರಲಿಲ್ಲ. ಅವನಿಗೆ ಅಲ್ಲಿ ವೋಟಿಲ್ಲ. ತಾತನ ತೋಟ ಪಾಲಿಗೆ ಬಂದರೆ ಇಟ್ಟುಕೊಳ್ಳಬಹುದು, ಪಕ್ಕದ ಅರ್ಧ ಎಕರೆ ಕೊಳ್ಳುವಂತಿಲ್ಲ. ಅವನನ್ನು ಇದಕ್ಕೆಲ್ಲ ಒಪ್ಪಿಗೆ ಕೇಳಿದವರಾದರೂ ಯಾರು?

ಆ ತೋಟದ ಹಾಗೆ ಅಮೆರಿಕದ ಪೌರತ್ವವೂ ತಲೆಮಾರಿಗೆ ತಾನಾಗಿ ಇಳಿಯುತ್ತೆ ಅಂದುಕೊಂಡವರು ಜಾಸ್ತಿ. ಹಾಗಿಲ್ಲ. ಮಗಳಿಗೆ ಎಂಟು ವರ್ಷ ಆದಾಗ ನೀವು ಬೆಂಗಳೂರಿಗೆ ವಾಪಸ್ ಹೋದಿರಿ ಅನ್ನಿ. ಅವಳ ಹತ್ತಿರ ಅಮೆರಿಕದ ಪಾಸ್‌ಪೋರ್ಟ್ ಇದೆ. ಬೆಂಗಳೂರಿನ ಹುಡುಗನನ್ನೇ ಮದುವೆಯಾಗಿ, ಅಲ್ಲೇ ಹೆತ್ತಳು. ಆ ಮಗು ಹುಟ್ಟಿನಿಂದ ಸಿಟಿಜನ್ ಆಗಬೇಕಾದರೆ, ಅವಳು ಅದಕ್ಕೆ ಮೊದಲು ಅಮೆರಿಕದಲ್ಲಿ ಐದು ವರ್ಷ ಇದ್ದಿರಬೇಕು. ಅದರಲ್ಲಿ ಎರಡು ವರ್ಷ 14 ತುಂಬಿದ ಮೇಲಿನದ್ದು. ಹೊರಗೆ ಕಳೆದ ರಜೆಗಳು ಲೆಕ್ಕಕ್ಕಿಲ್ಲ. ಎಂಟಕ್ಕೇ ಹೊರಟವಳಿಗೆ ಆ ಎರಡು ವರ್ಷ ಎಲ್ಲಿಂದ ಬರಬೇಕು?

ಇಲ್ಲಿ ನಿಮ್ಮ ದಿನಗಳು ಕೆಲಸಕ್ಕೆ ಬರುತ್ತವೆ. ಮಗಳ ವರ್ಷ ಸಾಲದಿದ್ದರೆ ಸಿಟಿಜನ್ ಆದ ಅಜ್ಜ ಅಥವಾ ಅಜ್ಜಿಯ ವರ್ಷ ತೋರಿಸಿ ಮೊಮ್ಮಗುವಿನ ಪೌರತ್ವಕ್ಕೆ ಎನ್-600ಕೆ ಅನ್ನೋ ಅರ್ಜಿ ಹಾಕಬಹುದು. ನೀವು ಎಚ್-1ಬಿ ಕೆಲಸದ ವೀಸಾದಲ್ಲಿ ದುಡಿದ ಕಾಲವೂ ಸೇರುತ್ತದೆ. ಮೊಮ್ಮಗು ವೀಸಾ ಪಡೆದು ಇಲ್ಲಿಗೆ ಬರಬೇಕು, ಕೆಲಸ 18 ತುಂಬುವುದರೊಳಗೆ ಮುಗಿಯಬೇಕು. ಆದ್ದರಿಂದ ರದ್ದಾಗಿ ವಾಪಸ್ ಬಂದ ಹಳೇ ಭಾರತದ ಪಾಸ್‌ಪೋರ್ಟನ್ನು ಬಿಸಾಡಬೇಡಿ. ನೀವು ಬಂದು ಹೋದ ಸೀಲುಗಳು ಅದರಲ್ಲೇ ಇರೋದು. ತೆರಿಗೆ ಕಾಗದ, ಬಾಡಿಗೆ ಕರಾರು, ಮಕ್ಕಳ ಸ್ಕೂಲಿನ ದಾಖಲೆ ಎಲ್ಲ ಒಂದೇ ಫೈಲಿನಲ್ಲಿ ಹಾಕಿ, ಅದು ಎಲ್ಲಿದೆ ಅಂತ ಮಕ್ಕಳಿಗೂ ಹೇಳಿಡಿ.